ಎರೆಹೊಲದ ಹಸಿರು ಬೂಷ್ಟು

ಕಮತಗಿ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಕಾಳು ಹಾಲುಗಟ್ಟುವ ಹೊತ್ತಿಗೆ ಮಳೆಯ ಮಾತು ಮುಗಿದಿರುತ್ತದೆ. ನೆಲದೊಳಗಿನ ಹಸಿಯೇ ಬೆಳೆಗೆ ಆಧಾರ. ಆ ಹಸಿ ಆರಿತೆಂದರೆ, ನೆಟ್ಟಗೆ ನಿಂತಿದ್ದ ಜೋಳ ಬುಡದಲ್ಲೇ ಮುರಿದು ಸಾಲುಸಾಲಾಗಿ ಮಲಗುವುದುಂಟು. ಬಿದ್ದ ದಂಟನ್ನು ಸೀಳಿ ನೋಡಿ. ಒಳಗಿನ ತಿರುಳು ಕೊಳೆತು ಬರೀ ನಾರು ಉಳಿದಿರುತ್ತದೆ. ಆ ನಾರಿನ ತುಂಬ ಇದ್ದಿಲ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆಗಳು. ಇದೇ ಇದ್ದಿಲು ಕೊಳೆ ರೋಗ. ಕಾಳೂ ಜೊಳ್ಳು, ದನಕ್ಕೆ ಹಾಕುವ ಕಣಿಕೆಯೂ ಹಾಳು.

ರೋಗ ತರುವುದು ಮ್ಯಾಕ್ರೋಫೊಮಿನಾ ಎಂಬ ಶಿಲೀಂಧ್ರ. ಆ ಕಪ್ಪು ಚುಕ್ಕೆಗಳ ರೂಪದಲ್ಲಿ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಜೋಳ ಬಿಟ್ಟು ಕಡಲೆ ಬಿತ್ತಿದರೂ ಪಾರಾಗುವುದು ಕಷ್ಟ, ಏಕೆಂದರೆ ಕಡಲೆಯ ಒಣ ಬೇರು ಕೊಳೆಗೂ ಇದೇ ಕಾರಣ. 500ಕ್ಕೂ ಹೆಚ್ಚು ಜಾತಿಯ ಸಸ್ಯಗಳು ಇದಕ್ಕೆ ಆಹಾರ. ದಂಟಿನೊಳಗೆ ಹೊಕ್ಕ ಮೇಲೆ ಔಷಧಿ ಹೊಡೆದು ಫಲವಿಲ್ಲ. ತಡೆಯುವುದಾದರೆ ಬೇರಿನ ಬಳಿಯೇ ತಡೆಯಬೇಕು.

ಆ ಕೆಲಸಕ್ಕೆ ಇನ್ನೊಂದು ಶಿಲೀಂಧ್ರವಿದೆ: ಹಸಿರು ಬೂಷ್ಟಾಗಿ ಬೆಳೆಯುವ ಟ್ರೈಕೋಡರ್ಮಾ. ವಿಜ್ಞಾನಿ ಪರ್ಸೂನ್ ಇದಕ್ಕೆ ಹೆಸರಿಟ್ಟದ್ದು 1794ರಲ್ಲಿ. ಇದು ಮಣ್ಣಿನ ಬೇರೆ ಶಿಲೀಂಧ್ರಗಳನ್ನು ತಿಂದು ಬದುಕಬಲ್ಲದೆಂದು ಇನ್ನೊಬ್ಬ ವಿಜ್ಞಾನಿ ವೈಂಡ್ಲಿಂಗ್ ತೋರಿಸಿದ್ದು 1932ರಲ್ಲಿ. ಸೂಕ್ಷ್ಮದರ್ಶಕದಡಿ ನೋಡಿದರೆ ಟ್ರೈಕೋಡರ್ಮಾದ ಎಳೆ ರೋಗಕಾರಕದ ಎಳೆಗೆ ಸುತ್ತಿಕೊಳ್ಳುವುದು ಕಾಣುತ್ತದೆ. ಸುತ್ತಿಕೊಂಡ ಕಡೆ ಕೈಟಿನೇಸ್‌ನಂಥ ಕಿಣ್ವಗಳನ್ನು ಸುರಿಸಿ ಅದರ ಗೋಡೆಯನ್ನು ಕರಗಿಸಿ ಒಳಗಿನ ಸಾರ ಹೀರುತ್ತದೆ. ಬೇರಿನ ಸುತ್ತ ಮೊದಲೇ ಬೀಡುಬಿಟ್ಟು ವೈರಿಗೆ ಅನ್ನವೂ ಜಾಗವೂ ಸಿಗದಂತೆ ಮಾಡುತ್ತದೆ. ಗಿಡದ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆ.

ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತುವುದು ರೂಢಿ. ಹದವಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ತೇವ ಆರದಂತೆ ಕೆಲದಿನ ಬೆಳೆಸಿ ಹೊಲಕ್ಕೆ ಹಾಕುವುದು ಇನ್ನೂ ಒಳ್ಳೆಯದೆಂದು ನನ್ನ ಅಭಿಪ್ರಾಯ. ಪೊಟ್ಟಣದಲ್ಲಿರುವುದು ಜೀವ, ಬಿಸಿಲಿಗಿಟ್ಟರೆ ಸಾಯುತ್ತದೆ, ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕದ ಜೊತೆ ಕಲೆಸಿದರೂ ಸಾಯುತ್ತದೆ. ಕೊಳ್ಳುವಾಗ ತಯಾರಾದ ದಿನಾಂಕ ನೋಡಲೇಬೇಕು.

ಆದರೆ ಒಣ ನೆಲದಲ್ಲಿ ಈ ಬೂಷ್ಟೂ ಸೊರಗುತ್ತದೆ, ಮ್ಯಾಕ್ರೋಫೊಮಿನಾ ಮಾತ್ರ ಬಿಸಿಲಲ್ಲೇ ಬಲಿಯುತ್ತದೆ. ಅದಕ್ಕೇ ಮಳೆನೀರು ಹಿಡಿದಿಡುವ ಒಡ್ಡುಗಳನ್ನು ಈ ಚಿಕಿತ್ಸೆಯ ಅರ್ಧಭಾಗವೆಂದೇ ನಾನು ಎಣಿಸುತ್ತೇನೆ. ಒಡ್ಡು ಹಾಕಿದರೂ, ದಟ್ಟವಾಗಿ ಬಿತ್ತಿದ ಜೋಳ ಇದ್ದ ಹಸಿಯನ್ನೆಲ್ಲ ಬೇಗ ಕುಡಿದುಬಿಡುತ್ತದೆ. ಕಾಳು ತುಂಬುವ ವೇಳೆಗೆ ತೆನೆ ದಂಟಿನ ಸಕ್ಕರೆಯನ್ನೆಲ್ಲ ಎಳೆದುಕೊಂಡು ಬುಡವನ್ನು ಬರಿದು ಮಾಡುತ್ತದೆ. ರೋಗ ಒಳನುಗ್ಗುವುದು ಆಗಲೇ.