ಪಶು ದಂತವೈದ್ಯಕೀಯ

ಪಶು ದಂತವೈದ್ಯಕೀಯವು ಪ್ರಾಣಿಗಳ ಹಲ್ಲು, ವಸಡು, ದವಡೆ ಮತ್ತು ಬಾಯಿಯ ಇತರ ಭಾಗಗಳ ಆರೋಗ್ಯ, ರೋಗ ಹಾಗೂ ಚಿಕಿತ್ಸೆಯನ್ನು ಅಧ್ಯಯನ ಮಾಡುವ ಪಶುವೈದ್ಯಶಾಸ್ತ್ರದ ಶಾಖೆ. ಕುದುರೆಯ ಹಲ್ಲು ಉಜ್ಜುವ ಅರದಿಂದ ಹಿಡಿದು ನಾಯಿ-ಬೆಕ್ಕುಗಳಿಗೆ ಬಳಸುವ ಶ್ರವಣಾತೀತ ತರಂಗದ ಸಾಧನಗಳವರೆಗೆ ಈ ಶಾಖೆಯ ಉಪಕರಣಗಳು ಬೆಳೆದುಬಂದಿವೆ. ಇವುಗಳಲ್ಲಿ ಹೆಚ್ಚಿನವು ಕುದುರೆ ಮತ್ತು ಸಾಕುಪ್ರಾಣಿಗಳನ್ನು ಗಮನದಲ್ಲಿಟ್ಟು ರೂಪುಗೊಂಡವು. ಹೈನುಗಾರಿಕೆಯನ್ನು ಅವಲಂಬಿಸಿದ ಕೋಲಾರ ಜಿಲ್ಲೆಯಂತಹ ಪ್ರದೇಶಗಳಲ್ಲಿ ಹಸು-ಎಮ್ಮೆಗಳ ಹಲ್ಲಿಗೆ ಒದಗುವ ಮುಖ್ಯ ಅಪಾಯಗಳಲ್ಲಿ ಒಂದಾದ ದಂತ ಫ್ಲೋರೋಸಿಸ್ ಕುಡಿಯುವ ನೀರಿನಿಂದ ಬರುತ್ತದೆ. ಒಮ್ಮೆ ಕೆಟ್ಟ ಹಲ್ಲನ್ನು ಸರಿಪಡಿಸುವ ಔಷಧಿ ಇದಕ್ಕಿಲ್ಲ. ಆದ್ದರಿಂದ ಇಲ್ಲಿ ಚಿಕಿತ್ಸೆಗಿಂತ ತಡೆಗಟ್ಟುವಿಕೆಯೇ ಮುಖ್ಯವಾಗುತ್ತದೆ.

ಹಲ್ಲುಗಳ ರಚನೆ

ಪ್ರಾಣಿಯ ಆಹಾರಕ್ರಮಕ್ಕೆ ತಕ್ಕಂತೆ ಹಲ್ಲುಗಳ ಸಂಖ್ಯೆ ಮತ್ತು ಆಕಾರ ಬದಲಾಗುತ್ತವೆ. ವಯಸ್ಕ ನಾಯಿಗೆ 42, ಬೆಕ್ಕಿಗೆ 30, ಹಂದಿಗೆ 44, ಮೊಲಕ್ಕೆ 28 ಹಾಗೂ ಕುದುರೆಗೆ 36ರಿಂದ 44 ಹಲ್ಲುಗಳಿರುತ್ತವೆ. ಹಸು, ಎಮ್ಮೆ, ಕುರಿ ಮತ್ತು ಮೇಕೆಗಳಿಗೆ 32 ಶಾಶ್ವತ ಹಲ್ಲುಗಳಿದ್ದು, ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳು ಇರುವುದಿಲ್ಲ. ಆ ಜಾಗದಲ್ಲಿ ಗಟ್ಟಿಯಾದ ದಂತಫಲಕವಿರುತ್ತದೆ. ಹಸುವು ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಕೆಳಗಿನ ಎಂಟು ಮುಂಬಲ್ಲುಗಳನ್ನು ಈ ಫಲಕಕ್ಕೆ ಒತ್ತಿ ಕತ್ತರಿಸುತ್ತದೆ. ಮೆಲುಕು ಹಾಕುವ ಕೆಲಸ ದವಡೆಹಲ್ಲುಗಳದು. ಹಲ್ಲು ಸವೆದರೆ ಮೇವು ಸರಿಯಾಗಿ ನುರಿಯುವುದಿಲ್ಲ. ನುರಿಯದ ಮೇವು ಪೂರ್ತಿ ಜೀರ್ಣವಾಗುವುದಿಲ್ಲ. ಇದರ ಪರಿಣಾಮ ಮೈಕಟ್ಟಿನ ಮೇಲೂ ಹಾಲಿನ ಪ್ರಮಾಣದ ಮೇಲೂ ಆಗುತ್ತದೆ.

ಕುದುರೆಯ ದವಡೆಹಲ್ಲುಗಳು ವಸಡಿನೊಳಗೆ ಉದ್ದವಾದ ಮೀಸಲು ಭಾಗವನ್ನು ಹೊಂದಿದ್ದು, ಸವೆದಂತೆಲ್ಲ ವರ್ಷಕ್ಕೆ ಸುಮಾರು 2ರಿಂದ 3 ಮಿ.ಮೀ. ಮೇಲೇರುತ್ತವೆ. ಮೊಲದ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಆನೆಯ ದವಡೆಯ ಪ್ರತಿ ಪಾರ್ಶ್ವದಲ್ಲಿ ಜೀವಮಾನದಲ್ಲಿ ಆರು ದವಡೆಹಲ್ಲುಗಳು ಒಂದರ ಹಿಂದೆ ಒಂದರಂತೆ ಹಿಂದಿನಿಂದ ಮುಂದಕ್ಕೆ ಸರಿದು ಬರುತ್ತವೆ. ಕೊನೆಯದು ಸವೆದ ಮೇಲೆ ಆನೆಗೆ ಮೇವು ಅಗಿಯಲಾಗುವುದಿಲ್ಲ. ಆನೆಯ ದಂತವೂ ವಾಸ್ತವವಾಗಿ ಮೇಲ್ದವಡೆಯ ಬಾಚಿಹಲ್ಲೇ ಆಗಿದೆ.

ಹಲ್ಲಿನಿಂದ ವಯಸ್ಸಿನ ನಿರ್ಣಯ

ಜಾನುವಾರುಗಳ ವಯಸ್ಸನ್ನು ಹಲ್ಲು ನೋಡಿ ಹೇಳುವ ಪದ್ಧತಿ ಕರ್ನಾಟಕದ ದನಗಳ ಜಾತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಕೊಳ್ಳುವವರು ರಾಸಿನ ಕೆಳತುಟಿಯನ್ನು ಸರಿಸಿ ಮುಂಬಲ್ಲುಗಳನ್ನು ಎಣಿಸುತ್ತಾರೆ. ದಾನವಾಗಿ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂಬ ಗಾದೆಯ ಹಿನ್ನೆಲೆ ಇದೇ. ಹಸು-ಎತ್ತುಗಳಲ್ಲಿ ಶಾಶ್ವತ ಮುಂಬಲ್ಲುಗಳು ಬರುವ ಅಂದಾಜು ಕ್ರಮ ಹೀಗಿದೆ:

* ಹಾಲುಹಲ್ಲು ಮಾತ್ರ: ಎರಡು ವರ್ಷಕ್ಕಿಂತ ಕಡಿಮೆ
* ಎರಡು ಹಲ್ಲು (ಮೊದಲ ಜೋಡಿ): ಸುಮಾರು 2 ವರ್ಷ
* ನಾಲ್ಕು ಹಲ್ಲು (ಎರಡನೆಯ ಜೋಡಿ): ಸುಮಾರು 2½ ವರ್ಷ
* ಆರು ಹಲ್ಲು (ಮೂರನೆಯ ಜೋಡಿ): ಸುಮಾರು 3 ವರ್ಷ
* ಬಾಯಿಗೂಡಿದ್ದು (ನಾಲ್ಕನೆಯ ಜೋಡಿ): 3½ರಿಂದ 4 ವರ್ಷ

ತಳಿ ಮತ್ತು ಪೋಷಣೆಗೆ ಅನುಗುಣವಾಗಿ ಈ ಅವಧಿಯಲ್ಲಿ ಕೆಲವು ತಿಂಗಳ ವ್ಯತ್ಯಾಸವಿರುತ್ತದೆ. ಎಮ್ಮೆಗಳಲ್ಲಿ ಹಲ್ಲು ಬರುವುದು ಇನ್ನೂ ತಡ. ಬಾಯಿಗೂಡಿದ ನಂತರ ವಯಸ್ಸನ್ನು ಹಲ್ಲಿನ ಸವೆತದಿಂದ ಅಂದಾಜಿಸಲಾಗುತ್ತದೆ.

ಇತಿಹಾಸ

ಗ್ರೀಕ್ ಲೇಖಕ ಕ್ಸೆನೋಫೋನ್ ಕ್ರಿ.ಪೂ. 4ನೆಯ ಶತಮಾನದಲ್ಲೇ ಕುದುರೆ ಕೊಳ್ಳುವಾಗ ಹಲ್ಲು ನೋಡಿ ವಯಸ್ಸು ತಿಳಿಯಬೇಕೆಂದು ಸೂಚಿಸಿದ್ದನು. ಭಾರತದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಅಶ್ವವೈದ್ಯ ಪರಂಪರೆಯೂ ಪಾಲಕಾಪ್ಯನ ಹೆಸರಿನಲ್ಲಿ ಗಜವೈದ್ಯ ಪರಂಪರೆಯೂ ಬೆಳೆದವು. ಕನ್ನಡದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಸುಮಾರು 1125ರಲ್ಲಿ ರಚಿಸಿದ ‘ಗೋವೈದ್ಯ’ವು ಪಶುವೈದ್ಯವನ್ನು ಕುರಿತ ಪ್ರಾಚೀನ ಕೃತಿಯಾಗಿದೆ.

1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋಡ್ ಬೂರ್ಜೆಲಾ ಅವರಿಂದ ಪಶುವೈದ್ಯ ಶಾಲೆ ಸ್ಥಾಪನೆಯಾಗಿ, ಆಧುನಿಕ ಪಶುವೈದ್ಯ ಶಿಕ್ಷಣಕ್ಕೆ ಬುನಾದಿ ಬಿದ್ದಿತು. 19ನೆಯ ಶತಮಾನದಲ್ಲಿ ಸಾರಿಗೆ, ಬೇಸಾಯ ಮತ್ತು ಸೈನ್ಯ ಮೂರೂ ಕುದುರೆಯನ್ನು ಅವಲಂಬಿಸಿದ್ದರಿಂದ ದಂತಚಿಕಿತ್ಸೆಯೂ ಬಹುತೇಕ ಕುದುರೆಗೆ ಸೀಮಿತವಾಗಿತ್ತು. 20ನೆಯ ಶತಮಾನದಲ್ಲಿ ಮೋಟಾರು ವಾಹನಗಳು ಬಂದು ಕುದುರೆಗಳ ಸಂಖ್ಯೆ ಇಳಿದಾಗ ಈ ವಿದ್ಯೆ ಹಿಂದೆ ಸರಿಯಿತು. ಶತಮಾನದ ಉತ್ತರಾರ್ಧದಲ್ಲಿ ನಾಯಿ-ಬೆಕ್ಕುಗಳ ಆರೈಕೆಯ ಮೂಲಕ ಅದು ಮತ್ತೆ ಚಿಗುರಿತು. 1988ರಲ್ಲಿ ಅಮೆರಿಕದಲ್ಲಿ ಪಶು ದಂತವೈದ್ಯಕೀಯದ ತಜ್ಞರ ಕಾಲೇಜು ಸ್ಥಾಪನೆಯಾಯಿತು.

ಉಪಕರಣಗಳು ಮತ್ತು ಆವಿಷ್ಕಾರಗಳು

ಬಾಯಿ ತೆರೆಯುವ ಸಾಧನಗಳು: ಪ್ರಾಣಿಯು ಬಾಯಿ ಮುಚ್ಚಿದರೆ ವೈದ್ಯರ ಕೈಗೆ ಅಪಾಯ. ಇದನ್ನು ತಪ್ಪಿಸಲು ದವಡೆಗಳನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವ ಲೋಹದ ಸಾಧನಗಳನ್ನು ಬಳಸಲಾಗುತ್ತದೆ. ಕುದುರೆಗಳಿಗೆ ಬಳಸುವ ಹೌಸ್‌ಮನ್ ಸಾಧನದಲ್ಲಿ ಹಂತಹಂತವಾಗಿ ಬಿಗಿಯಬಹುದಾದ ಕೀಲುಗಳಿವೆ. ದನಗಳಿಗೆ ಬಳಸುವ ಡ್ರಿಂಕ್‌ವಾಟರ್ ಸಾಧನವು ದವಡೆಹಲ್ಲುಗಳ ನಡುವೆ ಕೂರುವ ಲೋಹದ ಬೆಣೆಯಾಗಿದೆ.

ಹಲ್ಲಿನ ಅರ: ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲವಾಗಿರುವುದರಿಂದ ಹಲ್ಲುಗಳು ಸಮನಾಗಿ ಸವೆಯುವುದಿಲ್ಲ. ಮೇಲಿನ ಹಲ್ಲಿನ ಹೊರ ಅಂಚಿನಲ್ಲಿ ಕೆನ್ನೆಯನ್ನೂ ಕೆಳಗಿನ ಹಲ್ಲಿನ ಒಳ ಅಂಚಿನಲ್ಲಿ ನಾಲಗೆಯನ್ನೂ ಗಾಯಗೊಳಿಸುವ ಚೂಪು ಮೊನೆಗಳು ಬೆಳೆಯುತ್ತವೆ. ಉದ್ದ ಹಿಡಿಯ ಅರದಿಂದ ಈ ಮೊನೆಗಳನ್ನು ಉಜ್ಜಿ ತೆಗೆಯುತ್ತಾರೆ. ಈಗ ವಿದ್ಯುತ್ ಚಾಲಿತ ಅರಗಳು ಬಂದಿವೆ. ಇವು ಶ್ರಮವನ್ನು ಉಳಿಸುತ್ತವೆಯಾದರೂ, ಒಂದೇ ಕಡೆ ಹೆಚ್ಚು ಹೊತ್ತು ಉಜ್ಜಿದರೆ ಶಾಖದಿಂದ ಹಲ್ಲಿನ ಒಳತಿರುಳು ಹಾಳಾಗಬಹುದು.

ಟ್ರಿಯಾಡಾನ್ ಸಂಖ್ಯಾ ಪದ್ಧತಿ: 1970ರ ದಶಕದಲ್ಲಿ ಟ್ರಿಯಾಡಾನ್ ರೂಪಿಸಿದ, 1991ರಲ್ಲಿ ಫ್ಲಾಯ್ಡ್ ಪರಿಷ್ಕೃತ ರೂಪದಲ್ಲಿ ವಿವರಿಸಿದ ಈ ಪದ್ಧತಿಯಲ್ಲಿ ಪ್ರತಿ ಹಲ್ಲಿಗೂ ಮೂರಂಕಿಯ ಸಂಖ್ಯೆಯಿದೆ. ಮೊದಲ ಅಂಕಿ ದವಡೆಯ ಭಾಗವನ್ನು ಸೂಚಿಸುತ್ತದೆ: ಬಲ ಮೇಲ್ಭಾಗ 1, ಎಡ ಮೇಲ್ಭಾಗ 2, ಎಡ ಕೆಳಭಾಗ 3, ಬಲ ಕೆಳಭಾಗ 4. ಉಳಿದೆರಡು ಅಂಕಿಗಳನ್ನು ಮಧ್ಯದ ಬಾಚಿಹಲ್ಲಿನಿಂದ ಎಣಿಸಲಾಗುತ್ತದೆ. ನಾಯಿಯ ಬಲ ಮೇಲಿನ ಕೋರೆಹಲ್ಲು 104. ಹಾಲುಹಲ್ಲುಗಳಿಗೆ ಮೊದಲ ಅಂಕಿಯಾಗಿ 5ರಿಂದ 8 ಬಳಸುತ್ತಾರೆ. ಬೇರೆ ಬೇರೆ ಪ್ರಾಣಿಗಳ ದಾಖಲೆಗಳನ್ನು ಒಂದೇ ಕ್ರಮದಲ್ಲಿ ಬರೆಯಲು ಇದು ಅನುಕೂಲಕರ.

ಕ್ಷ-ಕಿರಣ ಮತ್ತು ಶುಚಿಗೊಳಿಸುವ ಸಾಧನಗಳು: ಹಲ್ಲಿನ ಬೇರು ವಸಡಿನ ಕೆಳಗಿರುವುದರಿಂದ ಕ್ಷ-ಕಿರಣವಿಲ್ಲದೆ ರೋಗದ ಪೂರ್ಣ ಪ್ರಮಾಣ ತಿಳಿಯದು. ಗಟ್ಟಿಯಾದ ದಂತಪಾಚಿಯನ್ನು ಶ್ರವಣಾತೀತ ಕಂಪನದಿಂದ ಒಡೆಯುವ ಸಾಧನವು ಮಾನವ ದಂತವೈದ್ಯಕೀಯದಿಂದ ಬಂದದ್ದು. ಪ್ರಾಣಿಗಳಲ್ಲಿ ವಸಡಿನ ಕೆಳಗಿನ ಭಾಗವನ್ನು ಸುರಕ್ಷಿತವಾಗಿ ಶುಚಿಗೊಳಿಸಲು ಸಂಪೂರ್ಣ ಅರಿವಳಿಕೆ ಬೇಕಾಗುತ್ತದೆ.

ಮನೆಯ ಆರೈಕೆಯ ಉತ್ಪನ್ನಗಳು: ನಾಯಿ-ಬೆಕ್ಕುಗಳಲ್ಲಿ ವಸಡಿನ ರೋಗವು ಅತಿ ಸಾಮಾನ್ಯ. ಹಲ್ಲುಜ್ಜುವುದೇ ಅದನ್ನು ತಡೆಯುವ ಉತ್ತಮ ಮಾರ್ಗ. ಮನುಷ್ಯರ ಟೂತ್‌ಪೇಸ್ಟನ್ನು ಪ್ರಾಣಿಗಳಿಗೆ ಬಳಸಬಾರದು. ಪ್ರಾಣಿಗಳು ಅದನ್ನು ಉಗುಳದೆ ನುಂಗುತ್ತವೆ, ಮತ್ತು ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ನಾಯಿಗಳಿಗೆ ವಿಷಕಾರಿ. ಅಗಿಯುವ ತಿನಿಸುಗಳಲ್ಲಿ ಕೆಲವು ಉಜ್ಜುವಿಕೆಯ ಮೂಲಕ, ಮತ್ತೆ ಕೆಲವು ಜೊಲ್ಲಿನ ಕ್ಯಾಲ್ಸಿಯಂ ಅನ್ನು ಬಂಧಿಸುವ ಫಾಸ್ಫೇಟ್ ಲವಣಗಳ ಮೂಲಕ ದಂತಪಾಚಿ ಗಟ್ಟಿಯಾಗದಂತೆ ತಡೆಯುತ್ತವೆ.

ಕೋಲಾರ ಜಿಲ್ಲೆ ಮತ್ತು ದಂತ ಫ್ಲೋರೋಸಿಸ್

ಹಿನ್ನೆಲೆ

ಶಿಲ್ಪಕಲೆಗೆ ಹೆಸರಾದ ಶಿವಾರಪಟ್ಟಣವಿರುವ ಮಾಲೂರು, ಜೊತೆಗೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹೈನುಗಾರಿಕೆಯು ರೇಷ್ಮೆ ಮತ್ತು ತರಕಾರಿ ಬೆಳೆಗಳೊಂದಿಗೆ ರೈತರ ಮುಖ್ಯ ಆದಾಯ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದೆ ಕೆರೆ ಮತ್ತು ತೆರೆದ ಬಾವಿಗಳು ದನಗಳಿಗೆ ನೀರುಣಿಸುತ್ತಿದ್ದವು. ಅಂತರ್ಜಲ ಕುಸಿದಂತೆ ಕೊಳವೆಬಾವಿಗಳು ಆಳವಾಗುತ್ತ ಹೋದವು. ಈ ಪ್ರದೇಶದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಹೊಂದಿದ ಖನಿಜಗಳಿವೆ. ನೀರು ಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತಷ್ಟೂ ಅದರಲ್ಲಿ ಕರಗುವ ಫ್ಲೋರೈಡ್ ಹೆಚ್ಚಬಹುದು. ಜಿಲ್ಲೆಯ ಹಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣವು ಭಾರತೀಯ ಮಾನಕದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿ.ಗ್ರಾಂ. ಅನ್ನು ಮೀರಿದೆ.

ಹಾಲು ಕೊಡುವ ಹಸುವಿಗೆ ನೀರಿನ ಅಗತ್ಯ ಬಹಳ. ದಿನಕ್ಕೆ 60 ಲೀಟರ್ ಕುಡಿಯುವ ಹಸುವಿಗೆ ಲೀಟರಿಗೆ 3 ಮಿ.ಗ್ರಾಂ. ಫ್ಲೋರೈಡ್ ಇರುವ ನೀರು ಕೊಟ್ಟರೆ, ನೀರೊಂದರಿಂದಲೇ ದಿನಕ್ಕೆ 180 ಮಿ.ಗ್ರಾಂ. ಅದರ ದೇಹ ಸೇರುತ್ತದೆ. ಅದೇ ನೀರಿನಲ್ಲಿ ಬೆಳೆದ ಮೇವು ಮತ್ತು ಫ್ಲೋರಿನ್ ತೆಗೆಯದ ಶಿಲಾರಂಜಕದಿಂದ ತಯಾರಾದ ಖನಿಜ ಮಿಶ್ರಣ ಈ ಹೊರೆಯನ್ನು ಇನ್ನೂ ಹೆಚ್ಚಿಸಬಲ್ಲವು.

ಪರಿಣಾಮ ಮತ್ತು ಲಕ್ಷಣಗಳು

ಫ್ಲೋರೈಡ್ ಹಲ್ಲಿಗೆ ಹಾನಿ ಮಾಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ. ಹಸುಗಳಲ್ಲಿ ಸುಮಾರು ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಅವಧಿ ಅತ್ಯಂತ ಸೂಕ್ಷ್ಮ. ಎನಾಮೆಲ್ ರೂಪಿಸುವ ಕೋಶಗಳ ಕೆಲಸ ಅಡ್ಡಿಗೊಂಡು, ಎನಾಮೆಲ್ ರಂಧ್ರಮಯವಾಗಿ ಉಳಿಯುತ್ತದೆ. ಹಲ್ಲು ಹೊರಬಂದಾಗ ಸುಣ್ಣದಂತಹ ಬಿಳಿ ಮಚ್ಚೆ, ಬಳಿಕ ಹಳದಿ, ಕಂದು ಅಥವಾ ಕಪ್ಪು ಪಟ್ಟೆಗಳು ಕಾಣುತ್ತವೆ. ಜೋಡಿಯ ಎರಡೂ ಹಲ್ಲುಗಳಲ್ಲಿ ಗುರುತು ಒಂದೇ ರೀತಿ ಇರುವುದು ಇದರ ಲಕ್ಷಣ; ಮೇವಿನ ಕಲೆ ಹೀಗೆ ಸಮನಾಗಿ ಇರುವುದಿಲ್ಲ ಮತ್ತು ಉಜ್ಜಿದರೆ ಹೋಗುತ್ತದೆ. ಮೆದುವಾದ ಹಲ್ಲು ಬೇಗ ಸವೆಯುತ್ತದೆ. ತೀವ್ರ ಸ್ಥಿತಿಯಲ್ಲಿ ತಣ್ಣೀರು ತಾಗಿದರೆ ನೋವಾಗುವುದರಿಂದ ಹಸುವು ನೀರನ್ನು ಹೀರದೆ ನಾಯಿಯಂತೆ ನೆಕ್ಕಿ ಕುಡಿಯುವುದುಂಟು. ಮೂಳೆಗಳಲ್ಲಿ ಗಂಟು ಮತ್ತು ಕುಂಟು ಕಾಣಿಸಿಕೊಂಡರೆ ರೋಗವು ಅಸ್ಥಿಪಂಜರವನ್ನು ತಲುಪಿದೆ ಎಂದರ್ಥ.

ಹಲ್ಲು ಒಂದು ದಾಖಲೆಯಾಗಿ

ನಾಲ್ಕು ಜೋಡಿ ಮುಂಬಲ್ಲುಗಳು ಒಂದರ ನಂತರ ಒಂದು ರೂಪುಗೊಳ್ಳುವುದರಿಂದ, ಯಾವ ಜೋಡಿಯಲ್ಲಿ ಮಚ್ಚೆಯಿದೆ ಎಂಬುದು ರಾಸು ಯಾವ ವಯಸ್ಸಿನಲ್ಲಿ ಫ್ಲೋರೈಡ್ ನೀರು ಕುಡಿಯಿತೆಂಬುದನ್ನು ತೋರಿಸುತ್ತದೆ. ಮೊದಲ ಜೋಡಿ ಶುಭ್ರವಾಗಿದ್ದು ಕೊನೆಯ ಜೋಡಿಗಳು ಕಂದಾಗಿದ್ದರೆ, ನೀರಿನ ಮೂಲ ಬದಲಾದದ್ದು ಅಥವಾ ಕರುವನ್ನು ಬೇರೆ ಊರಿಂದ ತಂದದ್ದು ಕಾರಣವಿರಬಹುದು. ಹಲ್ಲು ಪೂರ್ಣ ರೂಪುಗೊಂಡ ಮೇಲೆ ಹೊರಗಿನಿಂದ ತಂದ ಹಸುವಿನ ಹಲ್ಲು ಶುಭ್ರವಾಗಿಯೇ ಉಳಿದರೂ, ಅದರ ಮೂಳೆಗಳಲ್ಲಿ ಫ್ಲೋರೈಡ್ ಸಂಗ್ರಹವಾಗುತ್ತಿರಬಹುದು. ಆದ್ದರಿಂದ ಶುಭ್ರ ಹಲ್ಲನ್ನು ಕಂಡು ನೀರು ಸುರಕ್ಷಿತವೆಂದು ನಿರ್ಧರಿಸುವಂತಿಲ್ಲ.

ಇದು ಮಾರಾಟದ ಮೇಲೂ ಪರಿಣಾಮ ಬೀರುತ್ತದೆ. ಬಾಯಿಗೂಡಿದ ರಾಸಿನ ವಯಸ್ಸನ್ನು ಸವೆತದಿಂದ ಅಳೆಯುವ ಕಾರಣ, ಫ್ಲೋರೋಸಿಸ್‌ನಿಂದ ಹಲ್ಲು ಸವೆದ ಐದಾರು ವರ್ಷದ ಹಸು ಮುದಿಯಂತೆ ತೋರಬಹುದು. ರೈತನಿಗೆ ಒಂದೆಡೆ ಹಾಲಿನ ನಷ್ಟ, ಮತ್ತೊಂದೆಡೆ ಬೆಲೆಯ ನಷ್ಟ. ಇಂತಹ ಸಂದರ್ಭದಲ್ಲಿ ಕಿವಿಯೋಲೆಯ ಸಂಖ್ಯೆಯೊಂದಿಗೆ ದಾಖಲಾದ ಜನ್ಮದಿನಾಂಕ ಮತ್ತು ಕರು ಹಾಕಿದ ವಿವರಗಳು ಹಲ್ಲಿಗಿಂತ ನಂಬಲರ್ಹ.

ತಡೆಗಟ್ಟುವ ಕ್ರಮಗಳು

ವಿದೇಶಗಳಲ್ಲಿ ಹಸು ಮತ್ತು ಕುರಿಗಳ ಸವೆದ ಮುಂಬಲ್ಲುಗಳಿಗೆ ಕವಚ ತೊಡಿಸುವ ಪ್ರಯತ್ನಗಳು ನಡೆದಿವೆ. ಆದರೆ ಅವು ಮೂಳೆಗೆ ಸೇರಿದ ಫ್ಲೋರೈಡನ್ನು ತೆಗೆಯಲಾರವು. ಉಪಯುಕ್ತವಾದ ಕ್ರಮಗಳು ಇವು:

* ದನಗಳು ಕುಡಿಯುವ ಕೊಳವೆಬಾವಿಯ ನೀರನ್ನೂ ಪರೀಕ್ಷಿಸುವುದು.
* ಕಡಿಮೆ ಫ್ಲೋರೈಡ್‌ನ ನೀರು ಮಿತವಾಗಿದ್ದರೆ ಅದನ್ನು ಮೊದಲು ಕರು ಮತ್ತು ಪಡ್ಡೆಗಳಿಗೆ ಮೀಸಲಿಡುವುದು. ಶಾಶ್ವತ ಹಲ್ಲು ರೂಪುಗೊಳ್ಳುವುದು ಆಗಲೇ.
* ಮಳೆನೀರು ಸಂಗ್ರಹಿಸಿ ಕೊಳವೆಬಾವಿಯ ನೀರಿನೊಂದಿಗೆ ಬೆರೆಸುವುದು.
* ಫ್ಲೋರಿನ್ ಪ್ರಮಾಣ ನಿಯಂತ್ರಿಸಿದ ಖನಿಜ ಮಿಶ್ರಣವನ್ನೇ ಬಳಸುವುದು ಮತ್ತು ಮೇವಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರುವಂತೆ ನೋಡಿಕೊಳ್ಳುವುದು.
* ಹಲ್ಲು ಸವೆದ ರಾಸಿಗೆ ಕತ್ತರಿಸಿದ ಮೆದು ಮೇವನ್ನೂ ತೀರಾ ತಣ್ಣಗಿರದ ನೀರನ್ನೂ ಕೊಡುವುದು.

ನೀರಿನಿಂದ ಫ್ಲೋರೈಡ್ ತೆಗೆಯಲು ಆಲಂ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವನ್ನು ಭಾರತದ ನೀರಿ ಸಂಸ್ಥೆಯು 1970ರ ದಶಕದಲ್ಲಿ ಅಭಿವೃದ್ಧಿಪಡಿಸಿತು. ಸಕ್ರಿಯ ಅಲ್ಯೂಮಿನಾ ಮತ್ತು ಹಿಮ್ಮುಖ ಪರಾಸರಣ ಇತರ ವಿಧಾನಗಳು. ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಮನೆಯವರ ಬಳಕೆಗೆಂದು ಕ್ಯಾನ್ ಲೆಕ್ಕದಲ್ಲಿ ನೀರು ಕೊಡುವಂಥವು. ಒಂದು ಹಸುವಿನ ದಿನದ ಅಗತ್ಯವೇ ಎರಡು ಮೂರು ಕ್ಯಾನ್‌ಗಳಾಗುವುದರಿಂದ ಕೊಟ್ಟಿಗೆಗೆ ಆ ನೀರನ್ನು ಒದಗಿಸುವುದು ಕಷ್ಟ.

ಇತರ ರೋಗಗಳು

ದವಡೆಯ ಮೂಳೆ ಊದಿಕೊಳ್ಳುವ ಆಕ್ಟಿನೋಮೈಕೋಸಿಸ್, ನಾಲಗೆ ಗಡುಸಾಗುವ ಆಕ್ಟಿನೋಬ್ಯಾಸಿಲೋಸಿಸ್ ಮತ್ತು ಬಾಯಿಯಲ್ಲಿ ಹುಣ್ಣು ಉಂಟುಮಾಡುವ ಕಾಲುಬಾಯಿ ರೋಗಗಳು ಜಾನುವಾರುಗಳಲ್ಲಿ ಕಂಡುಬರುತ್ತವೆ. ಜೊಲ್ಲು ಸುರಿಸುವುದು, ಮೇವು ಬಿಡುವುದು, ಅಗಿದ ಮೇವನ್ನು ಉದುರಿಸುವುದು ಇವುಗಳಿಗೆ ಸಾಮಾನ್ಯ ಲಕ್ಷಣ. ಹುಚ್ಚುನಾಯಿ ರೋಗದಲ್ಲಿಯೂ ಜೊಲ್ಲು ಸುರಿಯುವುದರಿಂದ, ಕಾರಣ ತಿಳಿಯುವ ಮುನ್ನ ಬರಿಗೈಯನ್ನು ಪ್ರಾಣಿಯ ಬಾಯಿಗೆ ಹಾಕಬಾರದು.

ಶಿಕ್ಷಣ ಮತ್ತು ಸೇವೆ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯವು 1958ರಲ್ಲಿ ಆರಂಭವಾಯಿತು. ಈಗ ಅದು ಬೀದರ್‌ನಲ್ಲಿ ಕೇಂದ್ರಸ್ಥಾನವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪದವಿ ಹಂತದಲ್ಲಿ ದಂತವೈದ್ಯಕೀಯವನ್ನು ಪಶು ಶಸ್ತ್ರಚಿಕಿತ್ಸೆಯ ಭಾಗವಾಗಿ ಕಲಿಸಲಾಗುತ್ತದೆ. ಹಳ್ಳಿಗಳಲ್ಲಿ ಜಾನುವಾರುಗಳ ಹಲ್ಲಿನ ತೊಂದರೆಗಳಿಗೆ ಸರ್ಕಾರಿ ಪಶು ಆಸ್ಪತ್ರೆಗಳೇ ಮೊದಲ ಆಸರೆ. ತುರ್ತು ಸಂದರ್ಭದಲ್ಲಿ 1962 ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾ ಸೇವೆಯನ್ನು ಪಡೆಯಬಹುದು.

ಇವನ್ನೂ ನೋಡಿ

* ಫ್ಲೋರೋಸಿಸ್
* ಕೋಲಾರ ಜಿಲ್ಲೆ
* ಶಿವಾರಪಟ್ಟಣ
* ಕಾಲುಬಾಯಿ ರೋಗ
* ಹಳ್ಳಿಕಾರ್ ತಳಿ