ಮಗು ದಡ್ಡನಲ್ಲ, ಮನಸ್ಸು ನೊಂದಿದೆ



ಮಾತಿನಲ್ಲಿ ಚುರುಕಾದ, ಕೇಳಿದ ಕಥೆಯನ್ನು ಸೊಗಸಾಗಿ ಹೇಳಬಲ್ಲ ಮಗು ಪುಸ್ತಕ ಹಿಡಿದೊಡನೆ ತಡವರಿಸುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಬರೆಯುವಾಗ ಒತ್ತಕ್ಷರ ಬಿಟ್ಟುಹೋಗುತ್ತದೆ. ‘ದ’ ಇರಬೇಕಾದಲ್ಲಿ ‘ಧ’ ಬರುತ್ತದೆ. ನಿನ್ನೆ ಓದಿದ ಪದ ಇಂದು ಹೊಸದಾಗಿ ಕಾಣುತ್ತದೆ. ನಾವಾದರೋ ‘ಸೋಮಾರಿ’, ‘ದಡ್ಡ’ ಎಂದು ಗದರಿಸಿ, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುತ್ತೇವೆ.

ವರ್ಷಗಟ್ಟಲೆ ಹೀಗೇ ಮುಂದುವರಿದರೆ ಅದು ಕಲಿಕಾ ನ್ಯೂನತೆ ಇರಬಹುದು. ಓದಿನ ತೊಡಕನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಅಕ್ಷರವನ್ನೂ ಅದರ ಧ್ವನಿಯನ್ನೂ ಮೆದುಳು ಜೋಡಿಸಿಕೊಳ್ಳುವ ರೀತಿಯಲ್ಲೇ ಇಲ್ಲಿ ವ್ಯತ್ಯಾಸವಿದೆ. ಇದು ಬುದ್ಧಿಯ ಕೊರತೆಯಲ್ಲ, ಹೆತ್ತವರ ತಪ್ಪೂ ಅಲ್ಲ. ಟಾನಿಕ್ಕಿನಿಂದಾಗಲಿ ಬೆತ್ತದಿಂದಾಗಲಿ ಹೋಗುವಂಥದ್ದಲ್ಲ. ಮೊದಲು ಕಣ್ಣು, ಕಿವಿಗಳ ಪರೀಕ್ಷೆಯಾಗಬೇಕು. ಬಳಿಕ ಮನಶ್ಶಾಸ್ತ್ರಜ್ಞರ ಮೌಲ್ಯಮಾಪನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಮಾಡುತ್ತಾರೆ. ವಿಶೇಷ ಶಿಕ್ಷಕರು ಹಂತಹಂತವಾಗಿ ಓದು ಕಲಿಸುತ್ತಾರೆ.

ಆದರೆ ‘ನಾನು ಯಾವುದಕ್ಕೂ ಬಾರದವನು’ ಎಂಬ ನೋವು ಓದು ಸುಧಾರಿಸಿದ ಮೇಲೂ ಉಳಿಯಬಹುದು. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಕಾರಣವಿಲ್ಲದ ಸಿಟ್ಟು, ಮೌನ, ಇವುಗಳ ಹಿಂದೆ ಈ ನೋವು ಅಡಗಿರುತ್ತದೆ. ಆಪ್ತಸಮಾಲೋಚನೆಯ ಅಗತ್ಯ ಇಲ್ಲಿಯೇ.

ಆಪ್ತಸಮಾಲೋಚಕರು ಬುದ್ಧಿ ಹೇಳಲು ಆತುರಪಡುವುದಿಲ್ಲ, ಮೊದಲು ಕೇಳುತ್ತಾರೆ. ಮಾತಾಡಲು ಹಿಂಜರಿಯುವ ಮಗು ಆಟ, ಚಿತ್ರಗಳ ಮೂಲಕ ತನ್ನ ಅವಮಾನವನ್ನು ಹೊರಹಾಕುತ್ತದೆ. ತೊಡಕಿಗೊಂದು ಹೆಸರಿದೆ, ಅದು ತನ್ನ ತಪ್ಪಲ್ಲ ಎಂದು ಅರಿತಾಗ ಮಗುವಿನ ಭಾರ ಇಳಿಯುತ್ತದೆ. ಗೇಲಿ ಮಾಡುವವರಿಗೆ ಏನು ಉತ್ತರಿಸಬೇಕು, ಪರೀಕ್ಷೆಯ ಭಯವನ್ನು ಹೇಗೆ ಎದುರಿಸಬೇಕು ಎಂಬುದನ್ನೂ ಅಲ್ಲಿ ಕಲಿಯುತ್ತದೆ. ತಂದೆತಾಯಿಯನ್ನೂ ಕರೆಸಿ ಮಾತಾಡುತ್ತಾರೆ. ಏಕೆಂದರೆ ಮನೆಯ ಮಾತು ಬದಲಾಗದೆ ಮಗುವಿನ ಮನಸ್ಸು ಚೇತರಿಸಿಕೊಳ್ಳುವುದು ಕಷ್ಟ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ನಿಯಮಾನುಸಾರ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೋರಬಹುದು. ‘ಗೆಳೆಯರು ಏನೆಂದುಕೊಂಡಾರು’ ಎಂದು ನಾಚಿ ಈ ನೆರವನ್ನೇ ನಿರಾಕರಿಸುವ ಮಕ್ಕಳಿದ್ದಾರೆ. ಅವರಿಗೂ ಸಮಾಲೋಚನೆ ಧೈರ್ಯ ತುಂಬುತ್ತದೆ.

‘ಬದುಕುವುದೇ ಬೇಡ’ ಎಂದು ಮಗು ಹೇಳಿದರೆ ಅದನ್ನು ಹಟವೆಂದು ತಳ್ಳಿಹಾಕದಿರೋಣ; ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯೋಣ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಜ್ಞಾನೋಪದೇಶ ತರಗತಿಗಳಲ್ಲೂ ಇಂಥ ಮಕ್ಕಳಿರುತ್ತಾರೆ. ಎಲ್ಲರೆದುರು ಗಟ್ಟಿಯಾಗಿ ಓದೆಂದು ಅವರನ್ನು ಒತ್ತಾಯಿಸುವುದು ಬೇಡ. ಕೇಳಿ ಕಲಿಯಲು, ಹಾಡಲು, ಬಾಯಲ್ಲಿ ಉತ್ತರಿಸಲು ಅವಕಾಶ ಕೊಡೋಣ. ಈ ಸಂಜೆ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು, ‘ಶಾಲೆಯಲ್ಲಿ ನಿನಗೆ ಯಾವುದು ಕಷ್ಟವಾಗುತ್ತದೆ, ಪುಟ್ಟಾ?’ ಎಂದು ಕೇಳಿ, ಉತ್ತರವನ್ನು ಪೂರ್ತಿಯಾಗಿ ಆಲಿಸೋಣ.