ಒಡ್ಡು ದಾಟುವ ಇಳಿಜಾರು ದಾರಿ

ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಸೀಮೆಯಲ್ಲಾಗಲಿ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಸೀಮೆಯಲ್ಲಾಗಲಿ, ಭತ್ತ ಹೇರಿಕೊಂಡು ರಾಯಚೂರು ಪೇಟೆಗೆ ಹೊರಡುವ ಗಾಡಿಯು ಮೊದಲು ಹೊಲದ ಒಡ್ಡನ್ನು ದಾಟಬೇಕು. ದಾರಿಯಿಲ್ಲದಲ್ಲಿ ಒಡ್ಡನ್ನೇ ಕಡಿಯುವ ರೂಢಿಯುಂಟು. ದೊಡ್ಡ ಮಳೆ ಬಿದ್ದೊಡನೆ ಆ ಕಂಡಿಯಿಂದಲೇ ನೀರು ನುಗ್ಗಿ ಮೇಲ್ಮಣ್ಣನ್ನು ಒಯ್ಯುವುದು.

ಆದಕಾರಣ ಒಡ್ಡನ್ನು ತಗ್ಗಿಸದೆ ಎರಡೂ ಮಗ್ಗುಲಿಗೆ ಇಳಿಜಾರು ಕಟ್ಟತಕ್ಕದ್ದು. ಹೇರು ತುಂಬಿದ ಬಂಡಿಗೂ ಟ್ರ್ಯಾಕ್ಟರಿಗೂ 1 ಅಡಿ ಎತ್ತರಕ್ಕೆ 10 ಅಡಿ ಉದ್ದ ಬೇಕು. ಅಂದರೆ 3 ಅಡಿಯ ಒಡ್ಡಿಗೆ ಒಂದೊಂದು ಮಗ್ಗುಲಿಗೆ 30 ಅಡಿ. ಅಷ್ಟು ನೆಲ ಹೋಗುವುದೆಂದು ಕೆಲವರು 10 ಅಡಿಯಲ್ಲೇ ಮುಗಿಸುವರು. ಇದು ಹುಸಿ ಉಳಿತಾಯವು. ಕಡಿದಾದ ಏರಿನಲ್ಲಿ ಹಿಂದಿನ ಹೇರು ಜಗ್ಗಿ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮೇಲೇಳುವುವು. ಅದು ಹಿಂದಕ್ಕೆ ಮಗುಚಿತೆಂದರೆ ಚಾಲಕನಿಗೆ ಜಿಗಿಯಲೂ ಹೊತ್ತು ಸಿಕ್ಕದು.

ನೆತ್ತಿಯನ್ನು ಚೂಪಾಗಿ ಬಿಡದೆ ಸಮತಟ್ಟು ಮಾಡಬೇಕು. ಅಗಲ 12 ಅಡಿ. ಕೊಯ್ಲುಯಂತ್ರ ಬರುವ ಹೊಲವಾದರೆ ಯಂತ್ರವನ್ನು ಮೊದಲೇ ಅಳೆದುಕೊಳ್ಳುವುದು ಮೇಲು. ಎರೆಮಣ್ಣು ನೆನೆದರೆ ಜಾರುವುದು, ಒಣಗಿದರೆ ಬಿರಿಯುವುದು. ಅರ್ಧ ಅಡಿ ಗರಸು ಹಾಸಿ ದಮ್ಮಸು ಮಾಡತಕ್ಕದ್ದು. ದನಗಳು ಮಾತ್ರ ನಡೆಯುವ ದಾರಿಗೆ 1ಕ್ಕೆ 4 ಸಾಕು. ಪಂಚಾಯತಿ ಕಟ್ಟಡದ ಬಾಗಿಲಿಗೆ, ಗಾಲಿಕುರ್ಚಿಯವರ ಸಲುವಾಗಿ, 1ಕ್ಕೆ 12ಕ್ಕಿಂತ ಕಡಿದಾಗಿರಕೂಡದು.

ಹೊಲದ ಕೆಲಸಕ್ಕೆ ಬೇಸಿಗೆಯ ಕೊಯ್ಲು ಮುಗಿದ ಬಿಡುವೇ ತಕ್ಕ ಕಾಲವು.